ಗೆಜ್ಜೆಯೂ ಗ್ರಂಥವೂ

ಲಂಡನ್ನಿನಲ್ಲಿ ಓದುತ್ತಲೇ ರಾತ್ರಿ ಕ್ಲಬ್ಬುಗಳಲ್ಲಿ ನರ್ತಿಸುವ ವಿದ್ಯಾರ್ಥಿನಿಯರ ಮಾತು ಬಂದಾಗ ನಾವು ಹಿರಿಯರು ವಿಷಯ ಬದಲಿಸುತ್ತೇವೆ. ಆದರೆ ನೃತ್ಯ, ಗಾನಗಳಿಂದ ಬದುಕುತ್ತ ವಿದ್ಯೆ ಬೆಳೆಸಿಕೊಂಡ ಹೆಣ್ಣು ನಮ್ಮ ಚರಿತ್ರೆಗೆ ಅಪರಿಚಿತಳಲ್ಲ.

ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಜನಿಸಿದರು. ಸಂಗೀತ, ನೃತ್ಯಗಳ ಜೊತೆಗೆ ಸಂಸ್ಕೃತ, ಕನ್ನಡ, ತೆಲುಗುಗಳನ್ನು ಕಲಿತರು. ಬಳಿಕ ಮದರಾಸಿನಲ್ಲಿ ನೆಲೆಸಿ, 18ನೆಯ ಶತಮಾನದ ತಂಜಾವೂರಿನ ಗಣಿಕೆ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಶೃಂಗಾರ ಬರೆದ ಪುರುಷ ಕವಿಗಳನ್ನು ಗೌರವಿಸಿದ ಪಂಡಿತರಿಗೆ ಹೆಣ್ಣಿನ ಶೃಂಗಾರ ಅಶ್ಲೀಲವೆನಿಸಿತು. ಬ್ರಿಟಿಷ್ ಸರಕಾರ ಗ್ರಂಥವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ತಿರುವೈಯಾರಿನ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೂ ಅವರೇ, ಅದೂ ತಮ್ಮ ಗಳಿಕೆಯಿಂದ.

1909ರಲ್ಲಿ ಮೈಸೂರು ಸರಕಾರ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಎಳೆಯ ಹೆಣ್ಣುಮಕ್ಕಳನ್ನು ಸಮರ್ಪಿಸುವ ಪದ್ಧತಿ ಅಳಿಯಬೇಕಾದುದೇ. ಆದರೆ ಪದ್ಧತಿಯ ಕಳಂಕವನ್ನು ಸಮಾಜ ಹೊರಿಸಿದ್ದು ಆ ಹೆಣ್ಣುಮಕ್ಕಳ ತಲೆಗೇ.

ಲಂಡನ್ನಿನ ಕಥೆ ಬೇರೆ. ಇಲ್ಲಿ ಒತ್ತುವುದು ಸಾಲ. 1998ಕ್ಕೆ ಮೊದಲು ಇಂಗ್ಲೆಂಡಿನ ಸ್ಥಳೀಯ ವಿದ್ಯಾರ್ಥಿಗಳು ಪದವಿ ಶುಲ್ಕವನ್ನು ತಾವೇ ತೆರಬೇಕಿರಲಿಲ್ಲ. ಆ ವರ್ಷ ವಾರ್ಷಿಕ 1,000 ಪೌಂಡ್ ನಿಗದಿಯಾಯಿತು. ಮಿತಿಯು 2006ರಲ್ಲಿ 3,000ಕ್ಕೂ 2012ರಲ್ಲಿ 9,000ಕ್ಕೂ ಏರಿತು. ವಿದೇಶದಿಂದ ಬಂದವರ ಶುಲ್ಕ ಇನ್ನೂ ಹೆಚ್ಚು. ಅವರ ವಿದ್ಯಾರ್ಥಿ ವೀಸಾ ಸ್ವಯಂ ಉದ್ಯೋಗವನ್ನೂ ಮನರಂಜನಾ ಕಲಾವಿದರ ಕೆಲಸವನ್ನೂ ಒಪ್ಪುವುದಿಲ್ಲ. ಕ್ಲಬ್ಬಿನ ನರ್ತಕಿಯರು ಸಾಮಾನ್ಯವಾಗಿ ಸ್ವಯಂ ಉದ್ಯೋಗಿಗಳು. ಅಲ್ಲಿ ವೇದಿಕೆಗೆ ಬರಲು ತಾವೇ ಹಣ ಕಟ್ಟಬೇಕಾಗುವುದೂ ಉಂಟು. ಹಾಗಾಗಿ ನಮ್ಮೂರಿನ ಹುಡುಗಿಯೊಬ್ಬಳು ಈ ದಾರಿ ಹಿಡಿದರೆ, ಹಣಕ್ಕೆ ಮೋಸವಾದರೂ, ಮೈಮೇಲೆ ಕೈ ಬಿದ್ದರೂ ದೂರಲು ಅಂಜುತ್ತಾಳೆ.

ವೈದ್ಯರಾಗಿ ನಾವು ಕಂಡದ್ದು ಇಷ್ಟು: ರೋಗಕ್ಕಿಂತ ಮೊದಲು ಬಾಯಿ ಮುಚ್ಚಿಸುವುದು ನಾಚಿಕೆ. ಉಳುಕಿದ ಕಾಲು, ನಿದ್ದೆಯಿಲ್ಲದ ರಾತ್ರಿಗಳು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡ ಮೇಲೆಯೇ ನಮ್ಮೆದುರಿಗೆ ಬರುತ್ತವೆ. ಇಲ್ಲಿನ ಸರಕಾರಿ ಲೈಂಗಿಕ ಆರೋಗ್ಯ ಚಿಕಿತ್ಸಾಲಯಗಳ ಸೇವೆ ಉಚಿತ, ಮಾತು ಗೋಪ್ಯ. ಇದನ್ನು ಮನೆಯ ಮಕ್ಕಳಿಗೆ ಮೊದಲೇ ತಿಳಿಸಿಡೋಣ.

ನಾಗರತ್ನಮ್ಮನವರ ಹೆಸರನ್ನು ಇಂದು ನಾವೆಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆ ನಿಜವಾದರೆ, ಮನೆ ಬಾಗಿಲಿಗೆ ಬಂದ ಮಗಳನ್ನು ‘ಏನು ಮಾಡಿದೆ?’ ಎನ್ನುವ ಮೊದಲು ‘ಊಟ ಆಯಿತೇನಮ್ಮ?’ ಎಂದು ಕೇಳೋಣ.