ದೇವಗಿರಿಯ ಪತನ ಮತ್ತು ಅತಿವಿಚಾರದ ಆರೋಪ

ಇಂದಿನ ನಾಸಿಕ್ ಜಿಲ್ಲೆಯ ಸಿನ್ನರಿನಲ್ಲಿ ಬೇರೂರಿದ ಸೇವುಣರು 12ನೆಯ ಶತಮಾನದ ಕೊನೆಯಲ್ಲಿ, ಐದನೆಯ ಭಿಲ್ಲಮನ ಕಾಲಕ್ಕೆ, ದೇವಗಿರಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಅದುವೇ ಛತ್ರಪತಿ ಸಂಭಾಜಿನಗರದ ಸಮೀಪದ ದೌಲತಾಬಾದು. ಈ ಅರಸರ ಕನ್ನಡ ಶಾಸನಗಳು ವಿಪುಲವಾಗಿ ದೊರೆತಿರುವುದರಿಂದ ಅವರ ರಾಜ್ಯದ ಅವನತಿಯ ಕಾರಣಗಳು ಕನ್ನಡ ಸಂಶೋಧಕರಿಗೂ ವಿಚಾರಾರ್ಹವಾಗಿವೆ.

1296ರಲ್ಲಿ ಅಲ್ಲಾಉದ್ದೀನ್ ಖಿಲ್ಜಿಯ ಮುಂದೆ ರಾಮಚಂದ್ರನು ಸೋತುದಕ್ಕೆ ಕೆಲವು ಇತಿಹಾಸಕಾರರು ಹೇಮಾದ್ರಿಯ 'ಚತುರ್ವರ್ಗ ಚಿಂತಾಮಣಿ'ಯತ್ತ ಬೆರಳು ತೋರಿದ್ದಾರೆ. ಶ್ರೀಕರಣಾಧಿಪನಾಗಿದ್ದ ಹೇಮಾದ್ರಿಯು ವ್ರತ, ದಾನ, ಕಾಲನಿರ್ಣಯಗಳನ್ನು ಕುರಿತು ಈ ಬೃಹದ್ಗ್ರಂಥವನ್ನು ರಚಿಸಿದನು. ತಿಥಿ, ಮುಹೂರ್ತಗಳ ಈ ಅತಿವಿಚಾರವೇ ಸಮಾಜದ ಕರ್ತೃತ್ವಶಕ್ತಿಯನ್ನು ಕುಂದಿಸಿತೆಂಬುದು ಅವರ ವಾದ.

ಈ ವಾದವನ್ನು ನಾವು ಒಪ್ಪಲಾರೆವು. ಮೊದಲನೆಯದಾಗಿ, ಗ್ರಂಥವು ಮಹಾದೇವನ ಆಳ್ವಿಕೆಗೆ (1261-1271) ಸೇರಿದ್ದು. ಕೊಂಕಣವನ್ನು ಗೆದ್ದವನು ಆ ಮಹಾದೇವನೇ. ರಾಮಚಂದ್ರನೂ ಸಂದಿಗ್ಧಚಿತ್ತನಲ್ಲ. 1271ರಲ್ಲಿ ಅವನು ಅಮ್ಮಣನನ್ನು ಪದಚ್ಯುತಗೊಳಿಸಿ ಸಿಂಹಾಸನವನ್ನು ವಶಪಡಿಸಿಕೊಂಡನು. ಅನಂತರ ಹೊಯ್ಸಳರ ದೋರಸಮುದ್ರದ ಮೇಲೆ ಸಾಳುವ ತಿಕ್ಕಮನ ನಾಯಕತ್ವದಲ್ಲಿ ದಂಡು ಕಳುಹಿಸಿದನು. ಎರಡನೆಯದಾಗಿ, ಸಂಕ್ರಾಂತಿ, ಗ್ರಹಣ, ವ್ಯತೀಪಾತಗಳನ್ನು ನೋಡಿ ದತ್ತಿ ಬಿಡುವ ಪದ್ಧತಿಯು ರಾಷ್ಟ್ರಕೂಟ, ಚಾಲುಕ್ಯರ ಶಾಸನಗಳಲ್ಲಿಯೂ ಕಾಣುತ್ತದೆ. ಅದು ಅವರ ದಿಗ್ವಿಜಯಗಳಿಗೆ ಅಡ್ಡಿಯಾಗಲಿಲ್ಲ. ಮೇಲಾಗಿ, ನಿರ್ಣಯಗ್ರಂಥದ ಕಾರ್ಯ ಸಂಶಯವನ್ನು ಬೆಳೆಸುವುದಲ್ಲ, ಪರಿಹರಿಸುವುದು.

ಹಾಗಾದರೆ 1296ರಲ್ಲಿ ನಡೆದುದೇನು? ಶತ್ರು ಬಂದಾಗ ಮುಖ್ಯ ಸೈನ್ಯವು ರಾಜಪುತ್ರನೊಡನೆ ದೂರದಲ್ಲಿತ್ತು. ದಿಲ್ಲಿಯಿಂದ ಇನ್ನೂ ದೊಡ್ಡ ಸೇನೆ ಹಿಂದೆಯೇ ಬರುತ್ತಿದೆಯೆಂಬ ಸುದ್ದಿಯನ್ನು ಅಲ್ಲಾಉದ್ದೀನನು ಹಬ್ಬಿಸಿದನು. ರಾಮಚಂದ್ರನು ಸಂಧಿಗೆ ಒಪ್ಪಿದನು. ಅಷ್ಟರಲ್ಲಿ ಹಿಂದಿರುಗಿದ ಮಗನು ತಂದೆಯ ಮಾತನ್ನು ಮೀರಿ ಯುದ್ಧ ಹೂಡಿ ಸೋತನು. ಕೋಟೆಯೊಳಗೆ ಧಾನ್ಯವೆಂದು ತಂದಿರಿಸಿದ್ದ ಚೀಲಗಳಲ್ಲಿ ಉಪ್ಪಿದ್ದುದು ಆಗ ತಿಳಿಯಿತೆಂದು, ಮೂರು ಶತಮಾನಗಳ ಅನಂತರ ಬರೆದ ಫಿರಿಶ್ತಾ ಹೇಳುತ್ತಾನೆ. ಎರಡನೆಯ ಸಂಧಿಯ ನಿಬಂಧನೆಗಳು ಮೊದಲಿನವಕ್ಕಿಂತ ಕಠೋರವಾದವು.

ಉಪ್ಪಿನ ಕಥೆಯನ್ನು ಬದಿಗಿಟ್ಟರೂ ಒಂದು ಅಂಶ ಸ್ಪಷ್ಟ. ಇಲ್ಲಿ ನಿರ್ಣಯದ ಅಭಾವವಿರಲಿಲ್ಲ. ಒಂದೇ ರಾಜ್ಯದಲ್ಲಿ ಪರಸ್ಪರ ವಿರುದ್ಧವಾದ ಎರಡು ನಿರ್ಣಯಗಳಿದ್ದವು, ಎರಡಕ್ಕೂ ಆಧಾರವಾದ ಮಾಹಿತಿ ಅಪೂರ್ಣವಾಗಿತ್ತು. ಈ ದ್ವಂದ್ವವು ಮುಂದೆಯೂ ಬಗೆಹರಿಯಲಿಲ್ಲ. ಮಲಿಕ್ ಕಾಫೂರನಿಂದ ಸೋತು ದಿಲ್ಲಿಗೆ ಹೋಗಿಬಂದ ತಂದೆಯು ಸುಲ್ತಾನನಿಗೆ ನಿಷ್ಠನಾಗಿ ಉಳಿದನು. ಅವನ ತರುವಾಯ ಪಟ್ಟಕ್ಕೆ ಬಂದ ಮಗನು ಪ್ರತಿಭಟಿಸಿ ಮಡಿದನು.

ಒಂದು ಜನಾಂಗವು 'ಅತಿಯಾಗಿ ಯೋಚಿಸಿ' ಕೆಟ್ಟಿತೆಂದು ಹೇಳುವುದು ಸುಲಭ. ಆದರೆ ಅದು ಕಾರಣವನ್ನು ತಿಳಿಸುವುದಿಲ್ಲ. ಯಾವ ದಿನ, ಯಾರಿಗೆ, ಯಾವ ಸಂಗತಿ ತಿಳಿದಿತ್ತು, ಯಾರ ಮಾತು ನಡೆಯುತ್ತಿತ್ತು ಎಂದು ಕೇಳುವುದೇ ಇತಿಹಾಸಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.