ಚಾರ್ಟರ್ಡ್ ಅಕೌಂಟೆಂಟ್ ವೃತ್ತಿ: ಪ್ರವೇಶ, ಪರೀಕ್ಷೆ ಮತ್ತು ಹೊಣೆಗಾರಿಕೆ

ಪೀಠಿಕೆ
ಕಂಪನಿಯೊಂದರ ಲೆಕ್ಕಪತ್ರಗಳು ಅದರ ನಿಜಸ್ಥಿತಿಯನ್ನು ತೋರಿಸುತ್ತವೆಯೇ ಎಂಬುದನ್ನು ಪರಿಶೀಲಿಸಿ ವರದಿ ನೀಡುವವರು ಚಾರ್ಟರ್ಡ್ ಅಕೌಂಟೆಂಟರು (ಸನ್ನದು ಲೆಕ್ಕಪರಿಶೋಧಕರು). ಬ್ಯಾಂಕುಗಳು, ಷೇರುದಾರರು ಹಾಗೂ ತೆರಿಗೆ ಅಧಿಕಾರಿಗಳು ಈ ವರದಿಯನ್ನು ಅವಲಂಬಿಸುತ್ತಾರೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯನ್ವಯ ಸ್ಥಾಪಿತವಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯು (ಐ.ಸಿ.ಎ.ಐ.) ಈ ವೃತ್ತಿಯನ್ನು ನಿಯಂತ್ರಿಸುತ್ತದೆ. ಸಂಸ್ಥೆಯ ಕೇಂದ್ರ ಕಚೇರಿಯು ನವದೆಹಲಿಯಲ್ಲಿದ್ದು, ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಮುಂತಾದೆಡೆ ಶಾಖೆಗಳಿವೆ.

ಪ್ರವೇಶಕ್ಕೆ ಅರ್ಹತೆ
1. ಹತ್ತನೇ ತರಗತಿಯ ನಂತರ ಫೌಂಡೇಶನ್ ಹಂತಕ್ಕೆ ನೋಂದಾಯಿಸಿಕೊಳ್ಳಬಹುದು. ಆದರೆ ದ್ವಿತೀಯ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯ ನಂತರವೇ ಫೌಂಡೇಶನ್ ಪರೀಕ್ಷೆ ಬರೆಯತಕ್ಕದ್ದು.
2. ಶೇ. 55 ಅಂಕ ಪಡೆದ ವಾಣಿಜ್ಯ ಪದವೀಧರರು ಹಾಗೂ ಶೇ. 60 ಅಂಕ ಪಡೆದ ಇತರ ಪದವೀಧರರು ನೇರವಾಗಿ ಇಂಟರ್ಮೀಡಿಯೆಟ್ ಹಂತ ಸೇರಬಹುದು.

ಪರೀಕ್ಷೆಗಳು
2023ರ ಜುಲೈ 1ರಿಂದ ಜಾರಿಗೆ ಬಂದ ಯೋಜನೆಯಂತೆ ಫೌಂಡೇಶನ್ ಹಂತದಲ್ಲಿ 4 ಪತ್ರಿಕೆಗಳಿರುತ್ತವೆ. ಇಂಟರ್ಮೀಡಿಯೆಟ್ ಮತ್ತು ಫೈನಲ್ ಹಂತಗಳಲ್ಲಿ ತಲಾ 6 ಪತ್ರಿಕೆಗಳಿದ್ದು, ಅವುಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಗಿದೆ. ಉತ್ತೀರ್ಣರಾಗಲು ಪ್ರತಿ ಪತ್ರಿಕೆಯಲ್ಲಿ ಕನಿಷ್ಠ ಶೇ. 40 ಹಾಗೂ ಒಟ್ಟಾರೆ ಕನಿಷ್ಠ ಶೇ. 50 ಅಂಕ ಅವಶ್ಯ. ಉದಾಹರಣೆಗೆ, ಫೌಂಡೇಶನ್‌ನ ನಾಲ್ಕೂ ಪತ್ರಿಕೆಗಳಲ್ಲಿ ತಲಾ 45 ಅಂಕ ಗಳಿಸಿದ ಅಭ್ಯರ್ಥಿಯ ಮೊತ್ತ 180 ಆಗುವುದರಿಂದ, ಬೇಕಾದ 200 ಅಂಕ ದೊರೆಯದೆ ಅನುತ್ತೀರ್ಣನಾಗುತ್ತಾನೆ. ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿಲ್ಲ. ಇಂಗ್ಲಿಷ್ ಅಥವಾ ಹಿಂದಿಯನ್ನು ಆಯ್ಕೆ ಮಾಡಿಕೊಳ್ಳಬೇಕು. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಆಯ್ದ ಭಾಷೆಯಲ್ಲಿ ಬರವಣಿಗೆಯ ಅಭ್ಯಾಸವನ್ನು ಆರಂಭದಿಂದಲೇ ಕೈಗೊಳ್ಳುವುದು ಸೂಕ್ತ.

ಪ್ರಾಯೋಗಿಕ ತರಬೇತಿ
ಇಂಟರ್ಮೀಡಿಯೆಟ್‌ನ ಎರಡೂ ಗುಂಪುಗಳಲ್ಲಿ ಉತ್ತೀರ್ಣರಾದವರು ವೃತ್ತಿನಿರತ ಚಾರ್ಟರ್ಡ್ ಅಕೌಂಟೆಂಟರ ಬಳಿ 2 ವರ್ಷಗಳ ತರಬೇತಿ (ಆರ್ಟಿಕಲ್‌ಶಿಪ್) ಪಡೆಯತಕ್ಕದ್ದು. ಹಿಂದಿನ ಯೋಜನೆಯಲ್ಲಿ ಈ ಅವಧಿ 3 ವರ್ಷಗಳಾಗಿತ್ತು. ತರಬೇತಿಯ ಕಾಲದಲ್ಲಿ ಮಾಸಿಕ ಸ್ಟೈಪೆಂಡ್ ದೊರೆಯುತ್ತದೆ. ತರಬೇತಿ ಮುಗಿದು 6 ತಿಂಗಳಾದ ನಂತರ ಫೈನಲ್ ಪರೀಕ್ಷೆ ಬರೆಯಬಹುದು.

ವೃತ್ತಿಯ ಸ್ವರೂಪ ಮತ್ತು ಹೊಣೆಗಾರಿಕೆ
ಫೈನಲ್ ಉತ್ತೀರ್ಣರಾಗಿ ಸದಸ್ಯತ್ವ ಪಡೆದವರು ಕಂಪನಿ, ಬ್ಯಾಂಕು ಮುಂತಾದೆಡೆ ಉದ್ಯೋಗಕ್ಕೆ ಸೇರಬಹುದು. ಸ್ವಂತ ಕಚೇರಿ ತೆರೆದು ಲೆಕ್ಕಪರಿಶೋಧನೆ ನಡೆಸಲು ಸಂಸ್ಥೆಯಿಂದ ವೃತ್ತಿ ಪ್ರಮಾಣಪತ್ರ ಪಡೆದಿರಬೇಕು. ತಿಳಿದಿದ್ದ ಮುಖ್ಯ ಸಂಗತಿಯನ್ನು ವರದಿಯಲ್ಲಿ ಮುಚ್ಚಿಡುವುದು, ತೀವ್ರ ನಿರ್ಲಕ್ಷ್ಯ ತೋರುವುದು, ಕಕ್ಷಿದಾರರ ಗೋಪ್ಯ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದು ವೃತ್ತಿ ದುರ್ನಡತೆಯೆನಿಸುತ್ತವೆ. ತಪ್ಪು ಸಾಬೀತಾದಲ್ಲಿ ಸದಸ್ಯರ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆದುಹಾಕಬಹುದು.

ಸಾರ್ವಜನಿಕರ ಗಮನಕ್ಕೆ
• ಬಿ.ಕಾಂ. ಪದವಿಯಾಗಲಿ, ತರಬೇತಿ ಕೇಂದ್ರಗಳ ಪ್ರಮಾಣಪತ್ರವಾಗಲಿ ಈ ಅರ್ಹತೆಗೆ ಸಮಾನವಲ್ಲ. ಸದಸ್ಯರಲ್ಲದವರು ಈ ಹೆಸರನ್ನು ಬಳಸುವುದು ದಂಡನೀಯ ಅಪರಾಧ.
• ಲೆಕ್ಕಪರಿಶೋಧನಾ ವರದಿ ಅಥವಾ ಪ್ರಮಾಣಪತ್ರದಲ್ಲಿ 'ಯು.ಡಿ.ಐ.ಎನ್.' ಎಂಬ 18 ಅಕ್ಷರಾಂಕಗಳ ಸಂಖ್ಯೆ ಇರಬೇಕು. 2019ರಲ್ಲಿ ಕಡ್ಡಾಯಗೊಳಿಸಲಾದ ಈ ಸಂಖ್ಯೆಯ ಸತ್ಯಾಸತ್ಯತೆಯನ್ನು ಸಂಸ್ಥೆಯ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.
• ಶುಲ್ಕ ಮತ್ತು ದಿನಾಂಕಗಳು ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಸ್ಥೆಯ ಇತ್ತೀಚಿನ ಪ್ರಕಟಣೆಯನ್ನು ನೋಡತಕ್ಕದ್ದು.