ಸೆರಗಿನ ಆನೆ

ಅವ್ವ ತೀರಿಕೊಂಡ ನಾಲ್ಕು ವರ್ಷಕ್ಕೆ ತಂಗಿಗೆ ಹೆಣ್ಣುಮಗು ಹುಟ್ಟಿತು. ಬಾಣಂತಿಯನ್ನು ನೋಡಲು ಧಾರವಾಡಕ್ಕೆ ಹೋದಾಗ ಅವಳು ಕೇಳಿದ್ದು ಒಂದೇ. "ಅಕ್ಕಾ, ಅವ್ವನ ಇಳಕಲ್ ಸೀರಿ ನಿನ್ನ ಕಡೆನ ಅದ ಅಲ್ಲ? ಅದರಾಗ ಕೂಸಿಗೆ ಒಂದು ಆನಿ ಹೊಲದ ಕೊಡು."

ಹೂಂ ಅಂದೆ. ಆದರೆ ಆರು ತಿಂಗಳು ಕತ್ತರಿ ಮುಟ್ಟಲಿಲ್ಲ. ಅವ್ವನ ಉಳಿದ ಸೀರೆಗಳನ್ನೆಲ್ಲ ಬಂಧುಗಳಿಗೆ ಹಂಚಿದ್ದೆವು. ಟ್ರಂಕಿನಲ್ಲಿ ಉಳಿದದ್ದು ಇದೊಂದೇ: ಕಡುನೀಲಿ ಒಡಲು, ಬಿಳಿ ತೆನೆ ಬಿಡಿಸಿದ ಕೆಂಪು ಸೆರಗು. ಕತ್ತರಿಸಿದರೆ ಅದು ಸೀರೆಯಾಗಿ ಉಳಿಯುವುದಿಲ್ಲ. ಕತ್ತರಿಸದಿದ್ದರೆ ತಂಗಿಯ ಮಗಳಿಗೆ ಅಜ್ಜಿಯದೆಂದು ಮುಟ್ಟಲು ಏನೂ ಇರುವುದಿಲ್ಲ. ಈ ಹಿಂಜರಿಕೆಯ ತಿಂಗಳುಗಳಲ್ಲಿ ನಾನು ಮಾಡಿದ್ದು ಓದುವ ಕೆಲಸ. ಹಳೆ ಬಟ್ಟೆಯಿಂದ ಗೊಂಬೆ ಮಾಡುವುದನ್ನು ಮನುಷ್ಯರು ಯಾವಾಗ ಶುರುಮಾಡಿದರು ಎಂದು ಹುಡುಕುತ್ತ ಹೋದೆ.

ಬಹಳ ಹಿಂದೆಯೇ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರೋಮನ್ನರ ಆಳ್ವಿಕೆಯ ಈಜಿಪ್ಟಿನದೊಂದು ಬಟ್ಟೆಗೊಂಬೆ ಇದೆ. ಕ್ರಿಸ್ತಶಕ 1ರಿಂದ 5ನೇ ಶತಮಾನದ ನಡುವಿನದು. ಮೈ ಒರಟು ನಾರುಬಟ್ಟೆಯದು, ಒಳಗೆ ಚಿಂದಿ ಮತ್ತು ಪಪೈರಸ್ ತುರುಕಿದ್ದಾರೆ. ಅಂಗಡಿಯ ಅರಳೆಯಲ್ಲ, ಮನೆಯಲ್ಲಿ ಮಿಕ್ಕಿದ್ದು. ಬಟ್ಟೆ ಕೊಳೆತು ಮಣ್ಣಾಗುವ ವಸ್ತು. ಈಜಿಪ್ಟಿನ ಒಣ ಮರಳು ಕಾಪಾಡಿದ್ದರಿಂದ ಇದು ಉಳಿಯಿತು. ನಮ್ಮಂಥ ಮಳೆಯ ನಾಡುಗಳಲ್ಲಿ ಅಜ್ಜಿಯರು ಹೊಲಿದ ಗೊಂಬೆಗಳ ಇತಿಹಾಸ ಬರೆಯುವುದು ಕಷ್ಟ, ಸಾಕ್ಷಿಯೇ ಕರಗಿಹೋಗಿರುತ್ತದೆ.

ತಂಗಿ ಆನೆಯನ್ನೇ ಕೇಳಿದ್ದು ಕಾಕತಾಳೀಯ. ಇಂದಿನ ಮೆತ್ತನೆಯ ಆಟಿಕೆಗಳ ಉದ್ಯಮದ ಕಥೆಯಲ್ಲಿ ಮೊದಲು ಎದುರಾಗುವುದೂ ಆನೆಯೇ. ಜರ್ಮನಿಯ ಗೀಂಗೆನ್ ಊರಿನ ಮಾರ್ಗರೆಟ್ ಸ್ಟೈಫ್ (1847–1909) ಒಂದೂವರೆ ವರ್ಷದವಳಿದ್ದಾಗಲೇ ಪೋಲಿಯೋದಿಂದ ಕಾಲುಗಳ ಬಲ ಕಳೆದುಕೊಂಡಳು. ಬಲಗೈಯೂ ಸೊರಗಿತ್ತು. ಆದರೂ ಹೊಲಿಗೆ ಕಲಿತು, ಫೆಲ್ಟ್ ಬಟ್ಟೆಯ ಉಡುಪುಗಳ ಅಂಗಡಿ ತೆರೆದಳು. ಫ್ಯಾಷನ್ ಪತ್ರಿಕೆಯೊಂದರ ನಮೂನೆ ನೋಡಿ 1880ರಲ್ಲಿ ಫೆಲ್ಟಿನ ಪುಟ್ಟ ಆನೆ ಹೊಲಿದಳು. ಅದು ಸೂಜಿ ಚುಚ್ಚಿಡುವ ಮೆತ್ತೆ. ಮಕ್ಕಳು ಅದನ್ನು ಎತ್ತಿಕೊಂಡು ಆಡತೊಡಗಿದರು, ಸೂಜಿಮೆತ್ತೆ ಆಟಿಕೆಯಾಯಿತು. ಮುಂದೆ 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಯಲ್ಲಿ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹಾರಿಸಲು ಒಪ್ಪದಿದ್ದುದು, ಅದು ವ್ಯಂಗ್ಯಚಿತ್ರವಾಗಿ ‘ಟೆಡ್ಡಿ’ ಎಂಬ ಹೆಸರು ಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಲ್ಲಿಂದ ಆಟಿಕೆ ಕಾರ್ಖಾನೆಯದಾಯಿತು.

ಆದರೆ ನನ್ನನ್ನು ಬಹುಕಾಲ ಹಿಡಿದಿಟ್ಟದ್ದು ಗೊಂಬೆಯಲ್ಲ, ಬರೀ ಬಟ್ಟೆಯ ಚೂರುಗಳು.

ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್ ರೋಗಿಗಳ ಆಸ್ಪತ್ರೆಯಲ್ಲ. ಸಾಕಲಾಗದ ತಾಯಂದಿರು ಕೂಸುಗಳನ್ನು ಒಪ್ಪಿಸುತ್ತಿದ್ದ ಆಶ್ರಯ. 1739ರಲ್ಲಿ ಸ್ಥಾಪನೆಯಾಗಿ 1741ರಲ್ಲಿ ಮೊದಲ ಮಕ್ಕಳನ್ನು ತೆಗೆದುಕೊಂಡಿತು. ಒಳಗೆ ಬಂದ ಮಗುವಿಗೆ ಹೊಸ ಹೆಸರು. ಮುಂದೊಂದು ದಿನ ತಾಯಿ ಮರಳಿ ಬಂದರೆ ಗುರುತು ಹಿಡಿಯುವುದು ಹೇಗೆ? ಅದಕ್ಕೆ ಒಂದು ತುಂಡು ಬಟ್ಟೆ. ಕೆಲವೊಮ್ಮೆ ತಾಯಿ ತಂದುಕೊಟ್ಟದ್ದು, ಬಹಳಷ್ಟು ಸಲ ಮಗುವಿನ ಮೈಮೇಲಿನ ಅಂಗಿಯಿಂದಲೇ ಕತ್ತರಿಸಿದ್ದು. ಅದನ್ನು ದಾಖಲೆ ಹಾಳೆಗೆ ಗುಂಡುಸೂಜಿಯಿಂದ ಸಿಕ್ಕಿಸಿಡುತ್ತಿದ್ದರು. ಇಂಥ ಸುಮಾರು 5,000 ತುಂಡುಗಳು ಇಂದಿಗೂ ಲಂಡನ್ನಿನ ದಾಖಲೆಸಂಗ್ರಹದಲ್ಲಿವೆ. ಬಡವರು ತೊಡುತ್ತಿದ್ದ 18ನೇ ಶತಮಾನದ ಬಟ್ಟೆಗಳ ಅತಿ ದೊಡ್ಡ ಸಂಗ್ರಹ ಅದು. ಅರಸರ ಉಡುಪು ಉಳಿಯುತ್ತದೆ, ಬಡವರದ್ದು ಚಿಂದಿಯಾಗುತ್ತದೆ. ಇಲ್ಲಿ ಚಿಂದಿಯೇ ಉಳಿದಿದೆ.

ಅವುಗಳಲ್ಲಿ ನಮ್ಮ ನೆರಳೂ ಇದೆ. ಕಲ್ಲಿಕೋಟೆಯ ಹೆಸರಿನಿಂದ ಬಂದ ‘ಕ್ಯಾಲಿಕೊ’ ಇಂಗ್ಲೆಂಡಿನಲ್ಲಿ ಎಷ್ಟು ಜನಪ್ರಿಯವಾಯಿತೆಂದರೆ, ತಮ್ಮ ನೇಕಾರರನ್ನು ಉಳಿಸಿಕೊಳ್ಳಲು 1721ರಲ್ಲಿ ಅಚ್ಚುಹಾಕಿದ ಹತ್ತಿಬಟ್ಟೆ ತೊಡುವುದನ್ನೇ ಕಾನೂನು ತಂದು ನಿಷೇಧಿಸಿದರು. 1774ರವರೆಗೆ ಅದು ಪೂರ್ತಿ ತೆರವಾಗಲಿಲ್ಲ. ಹಾಗಾಗಿ ಆ ಕೂಸುಗಳ ಅಂಗಿಗಳಲ್ಲಿ ನಾರುಬಟ್ಟೆಯ ಮೇಲೆ, ಮಿಶ್ರ ನೂಲಿನ ಮೇಲೆ, ಭಾರತದ ಹೂಬಳ್ಳಿಗಳ ಅಗ್ಗದ ಅನುಕರಣೆಗಳು ಕಾಣಿಸುತ್ತವೆ.

1741ರಿಂದ 1760ರ ನಡುವೆ ಅಲ್ಲಿಗೆ ಬಂದ ಮಕ್ಕಳು 16,282. ತಾಯಂದಿರು ಮರಳಿ ಕರೆದೊಯ್ದದ್ದು ಬರೀ 152. ಈ ಅಂಕಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಒಂದು ತುಂಡಿನ ಕಥೆ ಮಾತ್ರ ಬೇರೆ. 1767ರ ಫೆಬ್ರುವರಿಯಲ್ಲಿ ಸಾರಾ ಬೆಂಡರ್ ಎಂಬ ತಾಯಿ ಗಂಡುಮಗುವನ್ನು ಬಿಟ್ಟಳು. ದಾಖಲೆಯಲ್ಲಿ ಅವನ ಸಂಖ್ಯೆ 16516. ಗುರುತಿಗೆ ಇಟ್ಟದ್ದು ಬಣ್ಣಬಣ್ಣದ ಚೂರುಗಳನ್ನು ಜೋಡಿಸಿ ಹೊಲಿದ ಪಟ್ಟಿ, ಅದರಲ್ಲಿ ಕಸೂತಿಯ ಹೃದಯ. ಅದನ್ನು ನಡುವೆ ಕತ್ತರಿಸಿ ಒಂದರ್ಧ ಆಶ್ರಮಕ್ಕೆ, ಇನ್ನರ್ಧ ತನಗೆ. ಎಂಟು ವರ್ಷದ ಮೇಲೆ, 1775ರಲ್ಲಿ, ಅವಳು ಬಂದು ಮಗನನ್ನು ಕರೆದುಕೊಂಡು ಹೋದಳು.

ಕತ್ತರಿಸಿದರೆ ಬಟ್ಟೆ ಹಾಳಾಗುತ್ತದೆ ಎಂದುಕೊಂಡಿದ್ದ ನನಗೆ ಇದು ಹೊಸ ಪಾಠ. ನಿಜ ಹೇಳಬೇಕೆಂದರೆ ಹೊಸದೇನಲ್ಲ, ಮರೆತಿದ್ದೆ. ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸನ್ನು ಮೊದಲು ಸುತ್ತುವುದೇ ಹಿರಿಯರ ಮೆತ್ತನೆಯ ಹಳೆ ಸೀರೆಯಲ್ಲಿ. ಅದೇ ಸೀರೆ ಮುಂದೆ ಕೌದಿಯ ಪದರವಾಗುತ್ತದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕವಂದಿಯನ್ನು ಅಂಚಿನಿಂದ ಶುರುಮಾಡಿ ಒಳಗೊಳಗೆ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿದ ತ್ರಿಕೋನಗಳನ್ನು ಇಡುತ್ತಾರೆ. ಅದನ್ನು ‘ಫೂಲ’ ಅನ್ನುತ್ತಾರೆ. ಅದಿಲ್ಲದ ಕವಂದಿ ಅವರ ಪಾಲಿಗೆ ಬೆತ್ತಲೆ.

ಕೊನೆಗೆ ತೀರ್ಮಾನ ಮಾಡಿದ್ದು ಸೀರೆಯೇ. ಗಾಳಿಗೆ ಹಾಕಲು ತೆಗೆದಾಗ ಮಡಿಕೆಗುಂಟ ನೂಲು ಬಿಟ್ಟುಕೊಂಡಿತ್ತು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಹಾಗೆಯೇ ಆಗುತ್ತದೆ. ನಾನು ಕಾಪಾಡುತ್ತಿದ್ದೇನೆ ಅಂದುಕೊಂಡದ್ದು ಟ್ರಂಕಿನೊಳಗೆ ತಾನಾಗಿ ಹರಿಯುತ್ತಿತ್ತು.

ಹಳೆ ಬಟ್ಟೆ ಹೊಲಿಗೆಯ ಎಳೆತ ತಡೆಯುವುದಿಲ್ಲವೆಂದು ಒಳಗೆ ಗಟ್ಟಿ ಹತ್ತಿಯ ಅಸ್ತರು ಕೊಟ್ಟೆ. ನೀಲಿ ಒಡಲಿನಿಂದ ಮೈ, ಕೆಂಪು ಸೆರಗಿನಿಂದ ಕಿವಿ. ಕೂಸು ಬಾಯಿಗೆ ಹಾಕುತ್ತದೆಂದು ಕಣ್ಣಿಗೆ ಗುಂಡಿ ಹಚ್ಚದೆ ದಾರದಲ್ಲೇ ಬಿಡಿಸಿದೆ. ಒಳಗೆ ತುಂಬಿದ್ದು ಅದೇ ಸೀರೆಯ ಹರಿದ ಚೂರುಗಳು. ಒಂದು ಕಾಲು ಗಿಡ್ಡವಾಯಿತು. ನಿಲ್ಲಿಸಿದರೆ ಆನೆ ಎಡಕ್ಕೆ ವಾಲುತ್ತದೆ.

ಸೆರಗಿನ ಉಳಿದರ್ಧ ನನ್ನ ಬಳಿ ಇದೆ. ಟ್ರಂಕಿನಲ್ಲಲ್ಲ, ದಿಂಬಿನ ಮೇಲೆ. ಹೋದ ವಾರ ತಂಗಿ ಫೋನ್ ಮಾಡಿದ್ದಳು. "ಕೂಸು ಆನಿ ಕಿವಿ ಚೀಪಿ ಚೀಪಿ ದಾರ ಬಿಚ್ಚಿಟ್ಟಾಳ, ಬರುವಾಗ ಸೂಜಿ ತೊಗೊಂಬಾ."